ಆಸ್ಟ್ರೇಲಿಯಾ ಖಂಡದ ಗುರುತ್ವ ನಕ್ಷೆ: ಹಳೆಯ, ಹೊಸ ಸರ್ವೆಗಳನ್ನು ಸೇರಿಸಿದಾಗ ಕಾಣುವ ಇಳಿಜಾರು, ಗೆರೆ ಮತ್ತು ಉಂಗುರಗಳು

ಪ್ರಶ್ನೆ: ಕಣಶಿಲೆ

ಎಲ್ಲರಿಗೂ ನಮಸ್ಕಾರ.

ಭೂಭೌತಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕಾಗಿ ನಾನು ಆಸ್ಟ್ರೇಲಿಯಾ ಖಂಡದ ಗುರುತ್ವ ವೈಪರೀತ್ಯದ (ಅಂದರೆ ಅಳೆದ ಗುರುತ್ವಕ್ಕೂ ಲೆಕ್ಕದಂತೆ ಇರಬೇಕಾದ ಗುರುತ್ವಕ್ಕೂ ಇರುವ ವ್ಯತ್ಯಾಸದ) ನಕ್ಷೆಯನ್ನು ಸಿದ್ಧಪಡಿಸುತ್ತಿದ್ದೇನೆ. ನಮ್ಮ ಧಾರವಾಡ ಕ್ರೇಟಾನ್‌ನ (ಪ್ರಾಚೀನ, ಸ್ಥಿರ ಭೂಭಾಗದ) ಶಿಸ್ಟ್ ಪಟ್ಟಿಗಳನ್ನು ಪಶ್ಚಿಮ ಆಸ್ಟ್ರೇಲಿಯಾದ ಯಿಲ್ಗಾರ್ನ್ ಕ್ರೇಟಾನ್‌ನ ಗ್ರೀನ್‌ಸ್ಟೋನ್ ಪಟ್ಟಿಗಳೊಂದಿಗೆ ಹೋಲಿಸುವುದು ಕೊನೆಯ ಉದ್ದೇಶ. ಆ ಕಡೆಯ ದತ್ತಾಂಶವೆಲ್ಲ ಸಾರ್ವಜನಿಕವಾಗಿ ದೊರೆಯುವುದರಿಂದ ಮೊದಲು ಅದನ್ನು ಕೈಗೆತ್ತಿಕೊಂಡಿದ್ದೇನೆ. ಜಿಯೋಸೈನ್ಸ್ ಆಸ್ಟ್ರೇಲಿಯಾ ಸಂಸ್ಥೆಯವರು 2019ರಲ್ಲಿ ಸಿದ್ಧಪಡಿಸಿದ ರಾಷ್ಟ್ರೀಯ ಗ್ರಿಡ್ (ಸಮಾನ ಅಳತೆಯ ಕೋಶಗಳ ಚೌಕಳಿ) ಇರುವಾಗ ಹೊಸದಾಗಿ ಮಾಡುವುದೇಕೆ ಎಂದು ಕೇಳಬಹುದು. ಬಿಡಿ ಮಾಪನಬಿಂದುಗಳಿಂದ ಆರಂಭಿಸಿ ನಕ್ಷೆ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಕಲಿಯಬೇಕು, ಆ ಮೇಲೆಯೇ ಸಿದ್ಧ ಗ್ರಿಡ್ ಮುಟ್ಟಬೇಕು ಎಂಬುದು ನನ್ನ ಮಾರ್ಗದರ್ಶಕರ ಕಟ್ಟಪ್ಪಣೆ.

ರಾಷ್ಟ್ರೀಯ ದತ್ತಸಂಚಯದಿಂದ ಪಡೆದ ಬಿಂದುಗಳಲ್ಲದೆ, ಹಿಂದಿನ ಬ್ಯೂರೋ ಆಫ್ ಮಿನರಲ್ ರಿಸೋರ್ಸಸ್‌ನ ಕೆಲವು ಹಳೆಯ ವರದಿಗಳ ಕೋಷ್ಟಕಗಳಿಂದ ಟೈಪ್ ಮಾಡಿಕೊಂಡ ಬಿಂದುಗಳೂ ನನ್ನಲ್ಲಿವೆ. ಎಲ್ಲವನ್ನೂ ಸೇರಿಸಿ ಫ್ರೀ-ಏರ್ (ಎತ್ತರಕ್ಕೆ ಮಾತ್ರ ತಿದ್ದಿದ) ಮತ್ತು ಬೂಗೇರ್ (ಬಂಡೆಯ ಆಕರ್ಷಣೆಯನ್ನೂ ಕಳೆದ) ವೈಪರೀತ್ಯಗಳನ್ನು ಲೆಕ್ಕ ಹಾಕಿ, ಗ್ರಿಡ್ ಮಾಡಿ, ಗೋಸೆ (GOCE) ಎಂಬ ಗುರುತ್ವಮಾಪನ ಉಪಗ್ರಹದ ದತ್ತಾಂಶದಿಂದ ಮಾತ್ರ ರಚಿಸಿದ ಮಾದರಿಯೊಂದಿಗೆ ಹೋಲಿಸಿದೆ. ಎರಡನ್ನೂ ಒಂದೇ ಅಗಲದ ಸೋಸುಕಕ್ಕೆ (ಸಣ್ಣ ಆಕೃತಿಗಳನ್ನು ಅಳಿಸುವ ಫಿಲ್ಟರ್‌ಗೆ) ಒಳಪಡಿಸಿದ ಮೇಲೆ ವ್ಯತ್ಯಾಸದಲ್ಲಿ ಮೂರು ಸಂಗತಿಗಳು ಉಳಿದುಕೊಂಡಿವೆ.

ಮೊದಲನೆಯದು, ನೈರುತ್ಯದಿಂದ ಈಶಾನ್ಯಕ್ಕೆ ನಿಧಾನವಾಗಿ ಏರುವ ಒಂದು ಇಳಿಜಾರು: ಪರ್ತ್ ಕಡೆ ನನ್ನ ಫ್ರೀ-ಏರ್ ಬೆಲೆಗಳು ಉಪಗ್ರಹದ ಬೆಲೆಗಿಂತ ಸುಮಾರು 9 ಮಿಲಿಗ್ಯಾಲ್ (ಗುರುತ್ವದ ಮಾನ) ಕಡಿಮೆ, ಕೇಪ್ ಯಾರ್ಕ್ ಕಡೆ 20 ಮಿಲಿಗ್ಯಾಲ್‌ಗೂ ಹೆಚ್ಚು. ಎರಡನೆಯದು, ಸೋಸುವ ಮೊದಲಿನ ಗ್ರಿಡ್‌ನಲ್ಲಿ ಕೆಲವೆಡೆ ಸರ್ವೆಯ ಗಡಿಯುದ್ದಕ್ಕೂ ಕಾಣುವ ನೇರವಾದ ಗೆರೆಗಳು. ಗೆರೆಯ ಈಚೆಗೂ ಆಚೆಗೂ ಎರಡು ಮೂರು ಮಿಲಿಗ್ಯಾಲ್ ಮೆಟ್ಟಿಲು ಇದೆ. ಮೂರನೆಯದು, ಬಿಂದುಗಳು ವಿರಳವಾಗಿರುವ ಒಳನಾಡಿನಲ್ಲಿ ಒಂಟಿ ಬಿಂದುವನ್ನು ಸುತ್ತುವರಿದ ಉಂಗುರಗಳು.

ಪ್ರತಿ ಸರ್ವೆಗೆ ಒಂದು ಸ್ಥಿರಾಂಕವನ್ನು ಕೂಡಿಸಿ ಅಥವಾ ಕಳೆದು ಅವುಗಳನ್ನು ಒಂದೇ ಮಟ್ಟಕ್ಕೆ ತರುವುದು ಒಪ್ಪತಕ್ಕ ಕ್ರಮವೇ? ಗ್ರಿಡ್‌ನ ಕೋಶದ ಅಳತೆಯನ್ನು ಯಾವ ಆಧಾರದ ಮೇಲೆ ಆರಿಸಬೇಕು? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

---

ಉತ್ತರ: ಮಟ್ಟಗೋಲು

ಕಣಶಿಲೆಯವರೇ, ನಿಮ್ಮ ಇಳಿಜಾರು ಯಾವ ದಿಕ್ಕಿಗೆ ಏರುತ್ತದೆ ಎಂಬುದನ್ನು ನೀವೇ ಬರೆದಿರುವುದರಿಂದ ಅದರ ಕಾರಣವನ್ನು ಹೆಚ್ಚು ಹುಡುಕಬೇಕಾಗಿಲ್ಲ. ನಿಮ್ಮ ಕಡತದಲ್ಲಿ ಎತ್ತರಕ್ಕೆ ಎರಡು ಕಾಲಂಗಳಿರುತ್ತವೆ. ಒಂದು ಆಸ್ಟ್ರೇಲಿಯನ್ ಹೈಟ್ ಡೇಟಮ್‌ಗೆ, ಅಂದರೆ ಸ್ಥೂಲವಾಗಿ ಸಮುದ್ರಮಟ್ಟಕ್ಕೆ, ಸಂಬಂಧಿಸಿದ ಎತ್ತರ. ಇದು 1971ರಲ್ಲಿ ಜಾರಿಗೆ ಬಂದದ್ದು. ಇನ್ನೊಂದು ಎಲಿಪ್ಸಾಯ್ಡ್ ಎಂಬ ಗಣಿತದ ಮೇಲ್ಮೈಯಿಂದ ಅಳೆದ ಎತ್ತರ. ಜಿಪಿಎಸ್ ಉಪಕರಣ ಮೂಲತಃ ಕೊಡುವುದು ಇದನ್ನೇ, ನೀವು ಲೆಕ್ಕಕ್ಕೆ ಬಳಸಿರುವುದೂ ಬಹುಶಃ ಇದನ್ನೇ. ಇವೆರಡರ ನಡುವಿನ ಅಂತರ ಖಂಡದುದ್ದಕ್ಕೂ ಒಂದೇ ಆಗಿಲ್ಲ. ನೈರುತ್ಯ ಮೂಲೆಯಲ್ಲಿ ಜಿಯಾಯ್ಡ್, ಅಂದರೆ ಸರಾಸರಿ ಸಮುದ್ರಮಟ್ಟಕ್ಕೆ ಸರಿಸುಮಾರು ಹೊಂದುವ ಮೇಲ್ಮೈ, ಎಲಿಪ್ಸಾಯ್ಡ್‌ಗಿಂತ ಸುಮಾರು 30 ಮೀಟರ್ ಕೆಳಗಿದ್ದರೆ, ಈಶಾನ್ಯದಲ್ಲಿ ಸುಮಾರು 70 ಮೀಟರ್ ಮೇಲಿದೆ. ಒಟ್ಟು ನೂರು ಮೀಟರ್ ವ್ಯತ್ಯಾಸ.

ಫ್ರೀ-ಏರ್ ತಿದ್ದುಪಡಿ ಮೀಟರಿಗೆ 0.3086 ಮಿಲಿಗ್ಯಾಲ್ ಎಂದು ಹಿಡಿದು ಗುಣಿಸಿ ನೋಡಿ: ನೈರುತ್ಯದಲ್ಲಿ ಸುಮಾರು 9 ಮಿಲಿಗ್ಯಾಲ್ ಕಡಿಮೆ, ಈಶಾನ್ಯದಲ್ಲಿ ಸುಮಾರು 21.6 ಮಿಲಿಗ್ಯಾಲ್ ಹೆಚ್ಚು. ನೀವು ಬರೆದ ಅಂಕಿಗಳು ಇವೇ. ಬೂಗೇರ್ ನಕ್ಷೆಯಲ್ಲಿ ಇದೇ ಇಳಿಜಾರು ಒಟ್ಟು 31ರಿಂದ ಸುಮಾರು 20 ಮಿಲಿಗ್ಯಾಲ್‌ಗೆ ಇಳಿದಿರುತ್ತದೆ, ಏಕೆಂದರೆ ಅಲ್ಲಿ ಬಂಡೆಯ ಪದರದ ಆಕರ್ಷಣೆಯನ್ನು ಕಳೆದ ಮೇಲೆ ಮೀಟರಿಗೆ ಉಳಿಯುವುದು 0.1967 ಮಿಲಿಗ್ಯಾಲ್ ಮಾತ್ರ.

ಎಲಿಪ್ಸಾಯ್ಡ್ ಎತ್ತರವನ್ನು ಬಳಸುವುದೇ ಅಪರಾಧವೆಂದು ಇದರ ಅರ್ಥವಲ್ಲ. ಪ್ರಮಾಣ ಗುರುತ್ವದ, ಅಂದರೆ ಅಕ್ಷಾಂಶಕ್ಕೆ ತಕ್ಕಂತೆ ಇರಬೇಕಾದ ಗುರುತ್ವದ, ಸೂತ್ರವು ಎಲಿಪ್ಸಾಯ್ಡ್ ಮೇಲಿನ ಬೆಲೆಯನ್ನು ಕೊಡುವುದರಿಂದ, ಅಲ್ಲಿಂದಲೇ ಎತ್ತರವನ್ನು ಅಳೆಯುವುದು ಭೌತಶಾಸ್ತ್ರದ ದೃಷ್ಟಿಯಿಂದ ಹೆಚ್ಚು ಶುದ್ಧ. ಭೂಗರ್ಭದ ದ್ರವ್ಯರಾಶಿಯನ್ನು ಮಾದರಿಗೊಳಿಸುವವರಿಗೆ ಬೇಕಾದದ್ದೂ ಅದೇ. 2007ರ ನಂತರ ಆಸ್ಟ್ರೇಲಿಯಾದವರು ಆ ಕಡೆಗೇ ವಾಲಿದ್ದಾರೆ. ಆದರೆ ನೀವು ಹೋಲಿಸುತ್ತಿರುವ ಉಪಗ್ರಹ ಮಾದರಿಯಿಂದ ಯಾವ ಪರಿಮಾಣವನ್ನು ಲೆಕ್ಕ ಹಾಕಿಸಿದ್ದೀರಿ ಎಂಬುದನ್ನು ನೋಡಿಕೊಳ್ಳಬೇಕು. ಜಿಯಾಯ್ಡ್ ಆಧಾರಿತ ವೈಪರೀತ್ಯ ಒಂದು, ಎಲಿಪ್ಸಾಯ್ಡ್ ಆಧಾರಿತ ವ್ಯತ್ಯಾಸ ಇನ್ನೊಂದು. ಎರಡನ್ನು ಬೆರೆಸಿದರೆ ಬಂಡೆಗೆ ಸಂಬಂಧವೇ ಇಲ್ಲದ ಇಳಿಜಾರು ನಕ್ಷೆಯ ಮೇಲೆ ಕೂರುತ್ತದೆ.

ಎತ್ತರದ ವಿಷಯ ಬಂದಿರುವುದರಿಂದ ಒಂದೇ ಒಂದು ಬಿಂದುವಿನ ಲೆಕ್ಕವನ್ನು ಕೊನೆಯವರೆಗೂ ಬರೆದು ತೋರಿಸುತ್ತೇನೆ. ದಕ್ಷಿಣ ಅಕ್ಷಾಂಶ 25 ಡಿಗ್ರಿ, ಎತ್ತರ 500 ಮೀಟರ್, ಅಳೆದ ಗುರುತ್ವ 9,78,807.0 ಮಿಲಿಗ್ಯಾಲ್ ಎಂದು ಭಾವಿಸೋಣ. 1980ರ ಎಲಿಪ್ಸಾಯ್ಡ್ ಪ್ರಕಾರ ಆ ಅಕ್ಷಾಂಶದ ಪ್ರಮಾಣ ಗುರುತ್ವ 9,78,955.6. ಎತ್ತರಕ್ಕಾಗಿ 154.3 ಕೂಡಿಸಿದರೆ ಫ್ರೀ-ಏರ್ ವೈಪರೀತ್ಯ 5.7 ಮಿಲಿಗ್ಯಾಲ್ ಆಗುತ್ತದೆ. ಘನ ಸೆಂಟಿಮೀಟರಿಗೆ 2.67 ಗ್ರಾಂ ಸಾಂದ್ರತೆಯ 500 ಮೀಟರ್ ಬಂಡೆಗಾಗಿ 56.0 ಕಳೆದರೆ ಬೂಗೇರ್ ವೈಪರೀತ್ಯ −50.3 ಮಿಲಿಗ್ಯಾಲ್. ಈಗ ಎತ್ತರದಲ್ಲಿ 8 ಮೀಟರ್ ದೋಷವಿದೆ ಎಂದುಕೊಳ್ಳಿ. ಬೂಗೇರ್ ಬೆಲೆ 1.6 ಮಿಲಿಗ್ಯಾಲ್ ಸರಿದುಹೋಗುತ್ತದೆ. ಅದೇ ಬಿಂದುವಿನ ಸ್ಥಾನವನ್ನು ಉತ್ತರ-ದಕ್ಷಿಣವಾಗಿ 100 ಮೀಟರ್ ತಪ್ಪಾಗಿ ಗುರುತಿಸಿದ್ದರೂ ಆಗುವ ದೋಷ ಕೇವಲ 0.06 ಮಿಲಿಗ್ಯಾಲ್. ಗುರುತ್ವ ಸರ್ವೆ ಎಂದರೆ ಅರ್ಧಕ್ಕಿಂತ ಹೆಚ್ಚು ಎತ್ತರದ ಸರ್ವೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಮತ್ತೊಂದು ಸಣ್ಣ ಮಾತು. ಆಸ್ಟ್ರೇಲಿಯಾದ ಕಡತಗಳಲ್ಲಿ ಮಿಲಿಗ್ಯಾಲ್ ಬದಲು ಸೆಕೆಂಡಿನ ವರ್ಗಕ್ಕೆ ಮೈಕ್ರೋಮೀಟರ್ ಎಂಬ ಮಾನ ಸಾಮಾನ್ಯ. ಒಂದು ಮಿಲಿಗ್ಯಾಲ್‌ಗೆ ಅಂಥವು ಹತ್ತು. ಕಾಲಂನ ತಲೆಬರಹವನ್ನು ಓದಿಯೇ ಮುಂದುವರಿಯಿರಿ.

---

ಉತ್ತರ: ಗಡಿಕಲ್ಲು

ಮಟ್ಟಗೋಲು ಅವರು ಇಳಿಜಾರಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ನಾನು ಗೆರೆಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅವುಗಳ ಮೂಲ ಇರುವುದು ಈ ದತ್ತಾಂಶ ಹುಟ್ಟಿದ ರೀತಿಯಲ್ಲಿ.

ಆ ಖಂಡದ ನಕ್ಷೆ ಒಂದೇ ಸಲಕ್ಕೆ ಅಳೆದದ್ದಲ್ಲ. ಬೇರೆ ಬೇರೆ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯಂತೆ ಅದು ಸಾವಿರಾರು ಸರ್ವೆಗಳಿಂದ ಆದದ್ದು. ಅಡಿಪಾಯವಾಗಿ ಇರುವುದು ಬ್ಯೂರೋದವರು ಹೆಲಿಕಾಪ್ಟರ್ ಬಳಸಿ ಮಾಡಿ 1974ರಲ್ಲಿ ಮುಗಿಸಿದ ಪ್ರಾಥಮಿಕ ಸರ್ವೆ. ಬಿಂದುವಿನಿಂದ ಬಿಂದುವಿಗೆ ಸುಮಾರು 11 ಕಿಲೋಮೀಟರ್ ಅಂತರ. ದಕ್ಷಿಣ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾಗಳಲ್ಲಿ 7 ಕಿಲೋಮೀಟರ್. ಒಂದು ಇಡೀ ಖಂಡವನ್ನು ಇಷ್ಟು ಕ್ರಮಬದ್ಧವಾಗಿ ಚೌಕಳಿಯಲ್ಲಿ ಅಳೆದ ಕೆಲಸ ಆ ಕಾಲಕ್ಕೆ ಬೇರೆಲ್ಲೂ ಆಗಿರಲಿಲ್ಲವೆಂದೇ ಹೇಳಬೇಕು. ಅದರ ಆಧಾರದ ಮೇಲೆ 1976ರಲ್ಲಿ 50 ಲಕ್ಷಕ್ಕೆ ಒಂದರ ಪ್ರಮಾಣದ ಬೂಗೇರ್ ನಕ್ಷೆ ಹೊರಬಂತು.

ಆ ಹೆಲಿಕಾಪ್ಟರ್ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ನಿಮ್ಮ ಗೆರೆಗಳು ಅರ್ಥವಾಗುತ್ತವೆ. ಗ್ರಾವಿಮೀಟರ್ ಎಂಬುದು ಸ್ಪ್ರಿಂಗಿಗೆ ತೂಗುಬಿಟ್ಟ ಒಂದು ಸಣ್ಣ ದ್ರವ್ಯರಾಶಿ. ಅದು ಗುರುತ್ವದ ನಿಜವಾದ ಬೆಲೆಯನ್ನು ಹೇಳುವುದಿಲ್ಲ, ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಹೇಳುತ್ತದೆ. ಹೊತ್ತು ಕಳೆದಂತೆ ಸ್ಪ್ರಿಂಗ್ ಸಡಿಲಗೊಂಡು ಓದುಗಳು ತಾವಾಗಿಯೇ ಜರುಗುತ್ತವೆ. ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಆದ್ದರಿಂದ ಹೆಲಿಕಾಪ್ಟರ್ ಒಂದು ಬಿಂದುವಿನಿಂದ ಹೊರಟು, ಹಲವು ಕಡೆ ಇಳಿದು, ಮಾಪಕವನ್ನು ನೆಲದ ಮೇಲಿಟ್ಟು, ಮಟ್ಟ ಸರಿಪಡಿಸಿ, ಓದು ಬರೆದುಕೊಂಡು, ಮತ್ತೆ ಹೊರಟ ಬಿಂದುವಿಗೇ ಮರಳುತ್ತಿತ್ತು. ಅಕ್ಕಪಕ್ಕದ ಸುತ್ತುಗಳಿಗೆ ಕೆಲವು ಬಿಂದುಗಳು ಸಮಾನವಾಗಿರುತ್ತಿದ್ದವು; ಎಲ್ಲ ಸುತ್ತುಗಳನ್ನೂ ಒಟ್ಟಿಗೆ ಸರಿದೂಗಿಸಲು ಅವೇ ಆಧಾರ. ಎತ್ತರವನ್ನು ಅಳೆದದ್ದು ವಾಯುಭಾರ ಮಾಪಕದಿಂದ. ಬಿಸಿಲೇರಿದಂತೆ ಗಾಳಿಯ ಒತ್ತಡ ಬದಲಾಗುವ ಮರುಭೂಮಿಯಲ್ಲಿ ಇದರಿಂದ ಕೆಲವು ಮೀಟರ್‌ಗಳಷ್ಟು ದೋಷ ಬರುವುದು ಸಹಜ. ಮೇಲಿನ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿಕೊಳ್ಳಿ: ಒಂದೆರಡು ಮಿಲಿಗ್ಯಾಲ್ ದೋಷ, ಅದೂ ಬಿಂದುವಿಗೊಂದರಂತೆ ಬೇರೆ ಬೇರೆಯಾಗಿ ಅಲ್ಲ, ಒಂದು ದಿನದ ಸುತ್ತಿನ ಎಲ್ಲ ಬಿಂದುಗಳಿಗೂ ಒಂದೇ ದಿಕ್ಕಿನಲ್ಲಿ. ಹೀಗಾಗಿಯೇ ದೋಷ ಚುಕ್ಕೆಯಾಗಿ ಕಾಣದೆ ತೇಪೆಯಾಗಿ ಕಾಣುತ್ತದೆ.

ಎರಡನೆಯ ಕಾರಣ ಆಧಾರ ಬೆಲೆಗಳದ್ದು. ವ್ಯತ್ಯಾಸಗಳನ್ನು ಮಾತ್ರ ಅಳೆಯುವ ಉಪಕರಣಕ್ಕೆ ಎಲ್ಲೋ ಒಂದು ಕಡೆ ನಿಶ್ಚಿತ ಬೆಲೆಯ ಬಿಂದು ಬೇಕು. ಇದಕ್ಕಾಗಿ 1964–65ರಲ್ಲಿ ಐಸೊಗ್ಯಾಲ್ ಎಂಬ ಯೋಜನೆಯನ್ನು ಕೈಗೊಂಡರು. ಅದರ ಹಿಂದಿನ ಯೋಚನೆ ಎಷ್ಟು ಸರಳವೋ ಅಷ್ಟೇ ಜಾಣತನದ್ದು. ಡಾರ್ವಿನ್‌ನಿಂದ ಹೋಬಾರ್ಟ್‌ಗೆ ಗುರುತ್ವ ಸುಮಾರು 2,100 ಮಿಲಿಗ್ಯಾಲ್ ಹೆಚ್ಚುತ್ತದೆ. ಮಾಪಕದ ಸ್ಕೇಲ್‌ನಲ್ಲಿ ಎರಡು ಸಾವಿರಕ್ಕೆ ಒಂದರಷ್ಟು ದೋಷವಿದ್ದರೂ ಆ ದಾರಿಯಲ್ಲಿ ಒಂದು ಮಿಲಿಗ್ಯಾಲ್ ತಪ್ಪಿಹೋಗುತ್ತದೆ. ಆದರೆ ಪೂರ್ವ-ಪಶ್ಚಿಮವಾಗಿ, ಗುರುತ್ವ ಹೆಚ್ಚುಕಡಿಮೆ ಒಂದೇ ಇರುವ ವಿಮಾನ ನಿಲ್ದಾಣಗಳ ಸಾಲಿನಲ್ಲಿ ಹಾರಿದರೆ, ಅಳೆಯಬೇಕಾದ ವ್ಯತ್ಯಾಸವೇ ಸಣ್ಣದಾಗಿರುವುದರಿಂದ ಸ್ಕೇಲ್‌ನ ದೋಷಕ್ಕೆ ಅವಕಾಶವಿಲ್ಲ. ಹೀಗೆ ಅಡ್ಡಸಾಲುಗಳನ್ನು ಅಳೆದು, ಪೂರ್ವ ಭಾಗದಲ್ಲಿ ಉತ್ತರ-ದಕ್ಷಿಣವಾಗಿ ಎಚ್ಚರಿಕೆಯಿಂದ ಅಳೆದ ಒಂದೇ ಗೆರೆಗೆ ಅವುಗಳನ್ನು ಜೋಡಿಸಿದರು.

ಇಲ್ಲಿ ನಿಮ್ಮ ಟೈಪ್ ಮಾಡಿದ ಕೋಷ್ಟಕಗಳ ವಿಷಯ ಬರುತ್ತದೆ. ಆ ಕಾಲದ ಬೆಲೆಗಳು ಜರ್ಮನಿಯ ಪಾಟ್ಸ್‌ಡ್ಯಾಮ್ ಆಧಾರಕ್ಕೆ ಸಂಬಂಧಿಸಿದವು, ಮತ್ತು ಪಾಟ್ಸ್‌ಡ್ಯಾಮ್ ಬೆಲೆ ಸುಮಾರು 14 ಮಿಲಿಗ್ಯಾಲ್ ಹೆಚ್ಚಾಗಿತ್ತೆಂದು 1971ರ ಅಂತರರಾಷ್ಟ್ರೀಯ ಜಾಲದಲ್ಲಿ ತಿದ್ದಿದರು. ವರದಿಯಲ್ಲಿ ಅಳತೆಯ ಬೆಲೆಯೇ ಮುದ್ರಿತವಾಗಿದ್ದು ನೀವು ಅದನ್ನು ಹೊಸ ಸೂತ್ರದೊಂದಿಗೆ ಬಳಸಿದರೆ 14 ಮಿಲಿಗ್ಯಾಲ್ ಮೆಟ್ಟಿಲು ಎದ್ದು ಕಾಣುತ್ತದೆ. ಅದನ್ನು ಯಾರೂ ಕಾಣದೆ ಬಿಡುವುದಿಲ್ಲ. ಮೋಸ ಮಾಡುವುದು ಇನ್ನೊಂದು ಸಂದರ್ಭ. ವರದಿಯಲ್ಲಿ ಬೂಗೇರ್ ಬೆಲೆಯೇ ಮುದ್ರಿತವಾಗಿದ್ದರೆ, ಅದು ಪಾಟ್ಸ್‌ಡ್ಯಾಮ್ ಆಧಾರವನ್ನೂ 1930ರ ಪ್ರಮಾಣ ಗುರುತ್ವ ಸೂತ್ರವನ್ನೂ ಒಟ್ಟಿಗೆ ಬಳಸಿದ ಲೆಕ್ಕವಾಗಿರುತ್ತದೆ. ಆ ಸೂತ್ರವೂ ಸಮಭಾಜಕದಲ್ಲಿ ಸುಮಾರು 17 ಮಿಲಿಗ್ಯಾಲ್ ಹೆಚ್ಚು ಹೇಳುತ್ತಿದ್ದುದರಿಂದ ಎರಡು ದೋಷಗಳೂ ಬಹುಪಾಲು ಒಂದನ್ನೊಂದು ನುಂಗಿಹಾಕುತ್ತವೆ. ಉಳಿಯುವ ಶೇಷವನ್ನು, 1967ರ ಸೂತ್ರಕ್ಕೆ ಬದಲಾಯಿಸುವಾಗ, 3.2ರಿಂದ ಅಕ್ಷಾಂಶದ ಸೈನ್ ವರ್ಗದ 13.6 ಪಟ್ಟನ್ನು ಕಳೆದು ಪಡೆಯಬಹುದು. ಕೇಪ್ ಯಾರ್ಕ್‌ನಲ್ಲಿ ಇದು ಸುಮಾರು +2.7, ದಕ್ಷಿಣ ಅಕ್ಷಾಂಶ 29 ಡಿಗ್ರಿಯ ಆಸುಪಾಸಿನಲ್ಲಿ ಸೊನ್ನೆ, ಟಾಸ್ಮೇನಿಯಾದ ದಕ್ಷಿಣದಲ್ಲಿ ಸುಮಾರು −3.2 ಮಿಲಿಗ್ಯಾಲ್.

ಆದ್ದರಿಂದ ನಿಮ್ಮ ಎರಡು ಮೂರು ಮಿಲಿಗ್ಯಾಲ್ ಮೆಟ್ಟಿಲುಗಳು ಯಾವ ಅಕ್ಷಾಂಶದಲ್ಲಿವೆ ಎಂಬುದನ್ನು ಮೊದಲು ನೋಡಿ. ಉತ್ತರದಲ್ಲಿ ಒಂದು ಚಿಹ್ನೆಯಿದ್ದು, ಖಂಡದ ನಡುವೆ ಮಾಯವಾಗಿ, ದಕ್ಷಿಣದಲ್ಲಿ ವಿರುದ್ಧ ಚಿಹ್ನೆಯೊಂದಿಗೆ ಮತ್ತೆ ಕಾಣಿಸಿಕೊಂಡರೆ ಅದು ಸೂತ್ರದ ಕೆಲಸ. ಅಕ್ಷಾಂಶದೊಂದಿಗೆ ಯಾವ ಸಂಬಂಧವೂ ಕಾಣದಿದ್ದರೆ ಅದು ಬಹುಶಃ ವಾಯುಭಾರ ಮಾಪಕದ್ದು. ರಾಷ್ಟ್ರೀಯ ದತ್ತಸಂಚಯದ ಬಿಂದುಗಳಲ್ಲಿ ಈ ತೊಂದರೆ ಇರಬಾರದು, ಏಕೆಂದರೆ ಅವುಗಳನ್ನು 2007ರ ಆಸ್ಟ್ರೇಲಿಯನ್ ನಿರಪೇಕ್ಷ ಗುರುತ್ವ ಡೇಟಮ್‌ಗೆ (ಎಲ್ಲ ಬೆಲೆಗಳಿಗೂ ಒಂದೇ ಆಧಾರಕ್ಕೆ) ತಂದಾಗಿದೆ.

ಸ್ಥಾನದ ಡೇಟಮ್ ಕೂಡ ಬದಲಾಗಿದೆ. ಹಳೆಯ 1966ರ ನಿರ್ದೇಶಾಂಕಗಳಿಗೂ 1994ರ ನಿರ್ದೇಶಾಂಕಗಳಿಗೂ ಸುಮಾರು 200 ಮೀಟರ್ ಅಂತರವಿದೆ. ಇದರಿಂದ ಗುರುತ್ವದ ಲೆಕ್ಕ ಹೆಚ್ಚು ಕೆಡುವುದಿಲ್ಲ. ಆದರೆ ಸ್ನೋಯಿ ಪರ್ವತಗಳಲ್ಲೋ ಟಾಸ್ಮೇನಿಯಾದಲ್ಲೋ ನೆಲದ ಏರಿಳಿತದ ತಿದ್ದುಪಡಿ ಮಾಡುವಾಗ, ಕಣಿವೆಯಲ್ಲಿದ್ದ ಬಿಂದು ಇಳಿಜಾರಿನ ಮೇಲೆ ಹೋಗಿ ಕುಳಿತರೆ ಉತ್ತರವೇ ಬೇರೆಯಾಗುತ್ತದೆ.

---

ಮರುಪ್ರಶ್ನೆ: ಕಣಶಿಲೆ

ಇಬ್ಬರಿಗೂ ಅನಂತ ಧನ್ಯವಾದಗಳು. ಸಮುದ್ರಮಟ್ಟದ ಎತ್ತರದ ಕಾಲಂ ಬಳಸಿ ಮತ್ತೆ ಲೆಕ್ಕ ಹಾಕಿದಾಗ ನೈರುತ್ಯ-ಈಶಾನ್ಯದ ಇಳಿಜಾರು ಹೋಯಿತು. ಕೋಷ್ಟಕದಿಂದ ತೆಗೆದುಕೊಂಡ ಬಿಂದುಗಳಿಗೆ ಅಕ್ಷಾಂಶದ ತಿದ್ದುಪಡಿ ಕೊಟ್ಟ ಮೇಲೆ ಕ್ವೀನ್ಸ್‌ಲ್ಯಾಂಡ್‌ನ ಉತ್ತರ ಭಾಗದ ಗೆರೆಗಳು ಅಳಿಸಿಹೋದವು. ಒಳನಾಡಿನಲ್ಲಿ, ವಿಶೇಷವಾಗಿ ಆಲಿಸ್ ಸ್ಪ್ರಿಂಗ್ಸ್‌ನ ಸುತ್ತಮುತ್ತ, ಇನ್ನೂ ಕೆಲವು ಮೆಟ್ಟಿಲುಗಳೂ ಉಂಗುರಗಳೂ ಉಳಿದಿವೆ. ಉಳಿದ ಈ ಮೆಟ್ಟಿಲುಗಳಿಗೆ ಸರ್ವೆಗೊಂದು ಸ್ಥಿರಾಂಕ ಕೂಡಿಸಬಹುದೇ? ಆಧಾರವಾಗಿ ಇಜಿಎಂ2008 ಎಂಬ, ಇಡೀ ಭೂಮಿಯ ಗುರುತ್ವದ ಮಾದರಿಯನ್ನು ಇಟ್ಟುಕೊಳ್ಳಬಹುದೇ?

---

ಉತ್ತರ: ಮಟ್ಟಗೋಲು

ನನ್ನ ಅಭಿಪ್ರಾಯದಲ್ಲಿ ಕೂಡಿಸಬಹುದು. ಸರ್ವೆಯ ಪ್ರತಿ ಬಿಂದುವಿನಲ್ಲಿ ಇಜಿಎಂ2008ರ ಬೆಲೆಯನ್ನು ಕಳೆದು, ಉಳಿದ ಶೇಷಗಳ ನಡುಬೆಲೆಯನ್ನು ಆ ಸರ್ವೆಯ ಸ್ಥಿರಾಂಕವೆಂದು ಭಾವಿಸಿ, ಅದನ್ನು ಎಲ್ಲ ಬಿಂದುಗಳಿಂದ ಕಳೆಯುವುದು ರೂಢಿಯಲ್ಲಿರುವ ಕ್ರಮ. ನೂರಾರು ಸರ್ವೆಗಳನ್ನು ಒಂದೊಂದಾಗಿ ಕೈಯಿಂದ ನೋಡುತ್ತ ಕೂತರೆ ಪ್ರಬಂಧ ಮುಗಿಯುವುದಿಲ್ಲ.

---

ಉತ್ತರ: ಕೆಂಪುಮರಳು

ಮಟ್ಟಗೋಲು ಅವರ ಮೊದಲ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ, ಎರಡನೆಯದಕ್ಕೆ ಇಲ್ಲ. ಕಾರಣಗಳನ್ನು ಹೇಳುತ್ತೇನೆ.

ಇಜಿಎಂ2008 ಉಪಗ್ರಹದ ದತ್ತಾಂಶದಿಂದ ಮಾತ್ರ ಆದದ್ದಲ್ಲ. ಅದರ ಸೂಕ್ಷ್ಮ ವಿವರಗಳು, ಅಂದರೆ ಭೂಪ್ರದೇಶದಲ್ಲಿ ನೂರು ಕಿಲೋಮೀಟರ್‌ಗಿಂತ ಕಡಿಮೆ ಅಗಲದ ಆಕೃತಿಗಳು, ನೆಲದ ಅಳತೆಗಳಿಂದಲೇ ಬಂದವು. ಆಸ್ಟ್ರೇಲಿಯಾದ ಮಟ್ಟಿಗೆ ಅವು ಇದೇ 11 ಕಿಲೋಮೀಟರ್ ಅಂತರದ ಬಿಂದುಗಳು. ಒಂದು ಸರ್ವೆಯನ್ನು ಅದೇ ಸರ್ವೆ ಸೇರಿರುವ ಮಾದರಿಯೊಂದಿಗೆ ಹೋಲಿಸಿದರೆ ಅದು ಪರೀಕ್ಷೆಯಲ್ಲ. ಹಳೆಯ ಸರ್ವೆಯಲ್ಲಿ ದೋಷವಿದ್ದರೆ ಅದು ಮಾದರಿಯಲ್ಲೂ ಇರುತ್ತದೆ, ಮತ್ತು ಜಿಪಿಎಸ್ ಎತ್ತರದೊಂದಿಗೆ ನಿಖರವಾಗಿ ಅಳೆದ ಹೊಸ ಸರ್ವೆಯನ್ನು ನೀವು ಆ ದೋಷಕ್ಕೆ ಹೊಂದಿಸಿಬಿಡುತ್ತೀರಿ. 2009ರಿಂದ 2013ರವರೆಗೆ ಹಾರಿದ ಗೋಸೆಯ ಮಾದರಿ ಸ್ವತಂತ್ರ ಸಾಕ್ಷಿ. ನೀವು ಮೊದಲು ಅದನ್ನೇ ಆರಿಸಿದ್ದು ಸರಿ. ಆದರೆ ಅದಕ್ಕೆ ಕಾಣುವುದು ಸುಮಾರು ನೂರು ಕಿಲೋಮೀಟರ್ ಮತ್ತು ಅದಕ್ಕಿಂತ ದೊಡ್ಡ ಆಕೃತಿಗಳು ಮಾತ್ರ. 30 ಕಿಲೋಮೀಟರ್ ಅಗಲದ ಗಣಿ ಸರ್ವೆಯ ಮಟ್ಟವನ್ನು ಅದರಿಂದ ತೀರ್ಮಾನಿಸಲಾಗದು.

ಇನ್ನೊಂದು ಕಾರಣ ನೀವೇ ಹೆಸರಿಸಿದ ಜಾಗದಲ್ಲಿದೆ. ಆಲಿಸ್ ಸ್ಪ್ರಿಂಗ್ಸ್‌ನ ಆಸುಪಾಸು ಖಂಡಗಳ ಒಳನಾಡಿನಲ್ಲಿ ಕಾಣುವ ಅತಿ ದೊಡ್ಡ ಗುರುತ್ವ ವೈಪರೀತ್ಯಗಳ ತಾಣ. ದಕ್ಷಿಣದ ಮಸ್‌ಗ್ರೇವ್ ಬೆಟ್ಟಸಾಲಿನ ಮೇಲೆ ಉಬ್ಬು, ನಡುವಿನ ಅಮೆಡಿಯಸ್ ಬೇಸಿನ್‌ನ (ಮಡ್ಡಿಶಿಲೆ ತುಂಬಿದ ಹಳೆಯ ತಗ್ಗುಪ್ರದೇಶದ) ಮೇಲೆ ಸುಮಾರು −150 ಮಿಲಿಗ್ಯಾಲ್ ತಲುಪುವ ತಗ್ಗು, ಉತ್ತರದ ಅರುಂಟ ಪ್ರದೇಶದ ಮೇಲೆ ಮತ್ತೆ ಉಬ್ಬು. ಎಲ್ಲವೂ ಪೂರ್ವ-ಪಶ್ಚಿಮವಾಗಿ ನೂರಾರು ಕಿಲೋಮೀಟರ್ ಚಾಚಿಕೊಂಡಿವೆ. 45 ಕೋಟಿಯಿಂದ 30 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ನಡೆದ ಆಲಿಸ್ ಸ್ಪ್ರಿಂಗ್ಸ್ ಪರ್ವತಜನನದಲ್ಲಿ ತಳದ ಭಾರವಾದ ಬಂಡೆಗಳು ಸ್ತರಭಂಗಗಳ ಮೂಲಕ ಮೇಲಕ್ಕೆ ಒತ್ತಲ್ಪಟ್ಟು, ಹೊರಪದರದ ಬುಡವೇ ಹತ್ತು ಕಿಲೋಮೀಟರ್‌ಗೂ ಹೆಚ್ಚು ಮೆಟ್ಟಿಲಾಗಿ ನಿಂತಿದೆ. ಅಷ್ಟು ಕಾಲವಾದರೂ ಆ ಹೊರೆ ಸಮತೋಲಕ್ಕೆ ಬಂದಿಲ್ಲ, ಅಂದರೆ ಅಲ್ಲಿನ ಶಿಲಾಗೋಳ (ಭೂಮಿಯ ಗಡುಸಾದ ಹೊರಚಿಪ್ಪು) ಅಷ್ಟು ಗಟ್ಟಿ. ಇಂಥ ಕಡೆ ಕೆಲವೇ ಕಿಲೋಮೀಟರ್‌ಗಳಲ್ಲಿ ಹತ್ತಾರು ಮಿಲಿಗ್ಯಾಲ್ ಏರುತ್ತದೆ. ಉಬ್ಬಿನ ಅಂಚಿನಲ್ಲಿ ಕುಳಿತ ಸರ್ವೆಯೊಂದರ ಶೇಷಗಳ ನಡುಬೆಲೆ ಮೂರು ಮಿಲಿಗ್ಯಾಲ್ ಬಂದರೆ ಅದು ಆಧಾರಬಿಂದುವಿನ ದೋಷವೋ, 11 ಕಿಲೋಮೀಟರ್ ಜಾಲದ ಕಣ್ಣಿಗೆ ಬೀಳದ ನಿಜವಾದ ಇಳಿಜಾರೋ ಎಂದು ನಡುಬೆಲೆ ಹೇಳುವುದಿಲ್ಲ. ಎಲ್ಲ ಸರ್ವೆಗಳಿಗೂ ಯಾಂತ್ರಿಕವಾಗಿ ಸ್ಥಿರಾಂಕ ಕೂಡಿಸಿದ ನಕ್ಷೆ ಕಣ್ಣಿಗೆ ನುಣುಪಾಗಿ ಕಾಣುತ್ತದೆ. ನುಣುಪು ಸತ್ಯದ ಗುರುತಲ್ಲ.

ಹಾಗಾದರೆ ಏನು ಮಾಡಬೇಕು? ಎರಡು ಸರ್ವೆಗಳು ಒಂದರ ಮೇಲೊಂದು ಬರುವ ಜಾಗಗಳನ್ನು ಹುಡುಕಿ. ಒಂದು ಸರ್ವೆಯ ಬಿಂದುವಿನಿಂದ ಇನ್ನೂರು ಮುನ್ನೂರು ಮೀಟರ್ ಒಳಗೆ ಇನ್ನೊಂದರ ಬಿಂದು ಇರುವ ಜೋಡಿಗಳನ್ನು ಪಟ್ಟಿ ಮಾಡಿ, ಬೂಗೇರ್ ವ್ಯತ್ಯಾಸವನ್ನೂ ಎತ್ತರದ ವ್ಯತ್ಯಾಸವನ್ನೂ ಪಕ್ಕಪಕ್ಕ ಬರೆಯಿರಿ. ಹೊಸ ನೆಲದ ಎತ್ತರದ ಮಾದರಿಯಿಂದ ಹಳೆಯ ಬಿಂದುವಿನ ಎತ್ತರವನ್ನು ಪರೀಕ್ಷಿಸಲು ಈಗ ಸಾಧ್ಯವಿದೆ. ಸಮತಟ್ಟಾದ ಮರುಭೂಮಿಯಲ್ಲಿ ಅಂಥ ಎತ್ತರ ಹಳೆಯ ವಾಯುಭಾರದ ಎತ್ತರಕ್ಕಿಂತ ಎಷ್ಟೋ ಮೇಲು. ವೈಪರೀತ್ಯದ ವ್ಯತ್ಯಾಸವು ಎತ್ತರದ ವ್ಯತ್ಯಾಸವನ್ನು 0.1967ರಿಂದ ಗುಣಿಸಿದಷ್ಟೇ ಬಂದರೆ ತಿದ್ದಬೇಕಾದದ್ದು ಎತ್ತರವನ್ನು, ಸರ್ವೆಯ ಮಟ್ಟವನ್ನಲ್ಲ. ಎತ್ತರ ಸರಿಯಿದ್ದೂ ಎಲ್ಲ ಜೋಡಿಗಳಲ್ಲಿ ಒಂದೇ ಬೆಲೆಯ ವ್ಯತ್ಯಾಸ ಉಳಿದರೆ ಮಾತ್ರ ಸ್ಥಿರಾಂಕ ಕೂಡಿಸಿ, ಮತ್ತು ಅದನ್ನು ಪ್ರಬಂಧದ ಕೋಷ್ಟಕದಲ್ಲಿ ದಾಖಲಿಸಿ.

ಉಂಗುರಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಒಂಟಿ ಬಿಂದುವಿನ ಸುತ್ತಲಿನ ಉಂಗುರ ಬಹುಮಟ್ಟಿಗೆ ದೋಷಪೂರಿತ ಓದಿನಿಂದ ಆಗುತ್ತದೆ, ಆದರೆ ಯಾವಾಗಲೂ ಅಲ್ಲ. ಆ ಬಿಂದುವನ್ನು ಬಿಟ್ಟು ಗ್ರಿಡ್ ಮಾಡಿ, ಗ್ರಿಡ್ ಅಲ್ಲಿ ಊಹಿಸುವ ಬೆಲೆಗೂ ಅಳೆದ ಬೆಲೆಗೂ ಇರುವ ಅಂತರವನ್ನು ನೋಡಿ; ನಂತರ ಎತ್ತರ ಪರೀಕ್ಷಿಸಿ; ನಂತರ ಕಾಂತ ನಕ್ಷೆ ಮತ್ತು ಭೂವೈಜ್ಞಾನಿಕ ನಕ್ಷೆಯಲ್ಲಿ ಅಲ್ಲಿ ಏನಿದೆಯೆಂದು ನೋಡಿ; ಇಷ್ಟಾದ ಮೇಲೆ ತೆಗೆಯುವ ಮಾತು. ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ ತಾಮ್ರ-ಯುರೇನಿಯಂ ನಿಕ್ಷೇಪವನ್ನು 1975ರಲ್ಲಿ ಕಂಡುಹಿಡಿದಾಗ ಮೇಲ್ಮೈಯಲ್ಲಿ ಅದರ ಯಾವ ಕುರುಹೂ ಇರಲಿಲ್ಲ. ಅದಿರು ಸುಮಾರು 350 ಮೀಟರ್ ಕಲ್ಲಿನ ಹೊದಿಕೆಯ ಕೆಳಗಿತ್ತು. ಪ್ರಾದೇಶಿಕ ದತ್ತಾಂಶದಲ್ಲಿ ಗುರುತ್ವದ ಉಬ್ಬೂ ಕಾಂತದ ಉಬ್ಬೂ ಒಂದೇ ಕಡೆ ಬಿದ್ದಿದ್ದವು ಎಂಬುದು ಅಲ್ಲಿ ಕೊರೆಯಲು ಇದ್ದ ಕಾರಣಗಳಲ್ಲೊಂದು. ಭಾರವಾದ ಕಬ್ಬಿಣದ ಆಕ್ಸೈಡ್ ಬಂಡೆ ಗುರುತ್ವವನ್ನು ಏರಿಸಿತ್ತು.

---

ಉತ್ತರ: ಗಡಿಕಲ್ಲು

ಗ್ರಿಡ್‌ನ ಕೋಶದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 11 ಕಿಲೋಮೀಟರ್ ಅಂತರದ ಬಿಂದುಗಳಿಂದ 22 ಕಿಲೋಮೀಟರ್‌ಗಿಂತ ಚಿಕ್ಕ ತರಂಗದೂರದ ಆಕೃತಿಯನ್ನು ಯಾವ ಗಣಿತವೂ ಹೊರತೆಗೆಯಲಾರದು. 2019ರ ರಾಷ್ಟ್ರೀಯ ಗ್ರಿಡ್‌ನ ಕೋಶ 400 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ನೋಡಿ ಎಲ್ಲೆಡೆಯೂ ಅಷ್ಟೇ ಸೂಕ್ಷ್ಮತೆಯಿದೆ ಎಂದು ತಿಳಿಯಬಾರದು. ನೆಲದ ಮೇಲಿನ ಹತ್ತು ಲಕ್ಷಕ್ಕೂ ಮೀರಿದ ಬಿಂದುಗಳು ಗಣಿ ಪ್ರದೇಶಗಳಲ್ಲಿ ದಟ್ಟವಾಗಿಯೂ ಮರುಭೂಮಿಯಲ್ಲಿ ವಿರಳವಾಗಿಯೂ ಇವೆ, ಮತ್ತು ಅವುಗಳ ಜೊತೆಗೆ ವಿಮಾನದಿಂದ ಅಳೆದ ಗುರುತ್ವವೂ ಸೇರಿದೆ. ಬಿಂದುಗಳ ಸರಾಸರಿ ಅಂತರದ ಕಾಲು ಭಾಗದಿಂದ ಅರ್ಧದವರೆಗೆ ಕೋಶವನ್ನಿಡುವುದು ವಾಡಿಕೆ. ಯಿಲ್ಗಾರ್ನ್ ಭಾಗಕ್ಕೆ ಬೇರೆ ಸೂಕ್ಷ್ಮ ಗ್ರಿಡ್, ಖಂಡಕ್ಕೆ ಸುಮಾರು 3 ಕಿಲೋಮೀಟರ್ ಗ್ರಿಡ್ ಮಾಡಿಕೊಂಡರೆ ನಿಮ್ಮ ಕೆಲಸಕ್ಕೆ ಸಾಕು. ಕನಿಷ್ಠ ವಕ್ರತೆಯ ವಿಧಾನ (ಬಿಂದುಗಳ ಮೂಲಕ ಆದಷ್ಟು ಕಡಿಮೆ ಬಾಗುವ ಮೇಲ್ಮೈಯನ್ನು ಹೊಂದಿಸುವುದು) ಬಳಸುವುದಾದರೆ ಸ್ವಲ್ಪ ಬಿಗಿತ ಕೊಡಿ. ಇಲ್ಲದಿದ್ದರೆ ಬಿಂದುಗಳಿಲ್ಲದ ಕಡೆ ಮೇಲ್ಮೈ ತಾನಾಗಿಯೇ ಉಬ್ಬಿಕೊಂಡು ಹೊಸ ಉಂಗುರಗಳನ್ನು ಹುಟ್ಟಿಸುತ್ತದೆ.

ಗ್ರಿಡ್ ಮಾಡಬೇಕಾದದ್ದು ಬೂಗೇರ್ ಬೆಲೆಗಳನ್ನು. ಫ್ರೀ-ಏರ್ ಬೆಲೆಗಳು ಪ್ರತಿ ಬೆಟ್ಟದ ಜೊತೆಗೂ ಏರಿಳಿಯುವುದರಿಂದ ಬಿಂದುಗಳ ನಡುವಿನ ಅಂದಾಜು ಕೆಡುತ್ತದೆ. ಬೂಗೇರ್ ಗ್ರಿಡ್ ಮಾಡಿ, ನಂತರ ನೆಲದ ಎತ್ತರದ ಮಾದರಿಯಿಂದ ಬಂಡೆಯ ಭಾಗವನ್ನು ಮರಳಿ ಕೂಡಿಸಿದರೆ ಒಳ್ಳೆಯ ಫ್ರೀ-ಏರ್ ಗ್ರಿಡ್ ದೊರೆಯುತ್ತದೆ. ಯಿಲ್ಗಾರ್ನ್-ಧಾರವಾಡ ಹೋಲಿಕೆಗೂ ಬೇಕಾದದ್ದು ಬೂಗೇರ್ ನಕ್ಷೆಯೇ. ಗ್ರೀನ್‌ಸ್ಟೋನ್‌ಗೂ ಸುತ್ತಲಿನ ಗ್ರಾನೈಟಿಗೂ ಸಾಂದ್ರತೆಯಲ್ಲಿ ಘನ ಸೆಂಟಿಮೀಟರಿಗೆ 0.25 ಗ್ರಾಂ ವ್ಯತ್ಯಾಸವಿದ್ದು ಪಟ್ಟಿ 5 ಕಿಲೋಮೀಟರ್ ಆಳವಿದ್ದರೆ, ಅನಂತ ಅಗಲದ ಪದರವೆಂದು ಭಾವಿಸಿದಾಗ, 52 ಮಿಲಿಗ್ಯಾಲ್ ಬರುತ್ತದೆ. ಕಾಲ್ಗೂರ್ಲಿಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಪಟ್ಟಿಗಳು ಕಿರಿದಾಗಿರುವುದರಿಂದ ಅದಕ್ಕಿಂತ ಕಡಿಮೆಯನ್ನೇ ನಿರೀಕ್ಷಿಸಬೇಕು. ಅಷ್ಟು ದೊಡ್ಡ ಸಂಕೇತದ ಮುಂದೆ ಎರಡು ಮಿಲಿಗ್ಯಾಲ್ ಮೆಟ್ಟಿಲು ಆಳದ ಅಂದಾಜನ್ನು ಸ್ವಲ್ಪ ಅಲುಗಿಸೀತು, ತೀರ್ಮಾನವನ್ನು ಬುಡಮೇಲು ಮಾಡದು. ಹಾಗಾಗಿ ಎಲ್ಲ ಮೆಟ್ಟಿಲುಗಳೂ ಅಳಿಸುವವರೆಗೆ ಕಾಯಬೇಡಿ.

ಕರಾವಳಿಯ ಬಗ್ಗೆ ಒಂದು ಮಾತು ಉಳಿದಿದೆ. ನೆಲದ ಮೇಲೆ ಬೂಗೇರ್, ಸಮುದ್ರದ ಮೇಲೆ ಉಪಗ್ರಹ ಎತ್ತರಮಾಪನದಿಂದ ಪಡೆದ ಫ್ರೀ-ಏರ್ ಬೆಲೆ ತೋರಿಸುವ ಪದ್ಧತಿ ಆಸ್ಟ್ರೇಲಿಯಾದ ನಕ್ಷೆಗಳಲ್ಲಿ ಬಹಳ ಕಾಲದಿಂದ ಇದೆ. ಸಮುದ್ರಮಟ್ಟದ ಎತ್ತರ ಬಳಸಿದಾಗ ದಡದಲ್ಲಿ ಎತ್ತರ ಸೊನ್ನೆಯಾಗುವುದರಿಂದ ಎರಡೂ ಬೆಲೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಮುಂದೆಂದಾದರೂ ನೀವು ಎಲಿಪ್ಸಾಯ್ಡ್ ಎತ್ತರಕ್ಕೆ ಬದಲಾಯಿಸಿಕೊಂಡರೆ ದಡದಲ್ಲಿ ಎತ್ತರ ಸೊನ್ನೆಯಾಗಿರುವುದಿಲ್ಲ. ಸಮುದ್ರದ ಫ್ರೀ-ಏರ್ ಬೆಲೆಯನ್ನೂ ಎಲಿಪ್ಸಾಯ್ಡ್‌ಗೆ ಬದಲಾಯಿಸಿದರೂ, ಬಂಡೆಯ ತಿದ್ದುಪಡಿಯಿಂದಾಗಿ ಮೀಟರಿಗೆ 0.1119ರಂತೆ ಕೇಪ್ ಯಾರ್ಕ್‌ನ ದಡದಲ್ಲಿ ಸುಮಾರು 8 ಮಿಲಿಗ್ಯಾಲ್, ಪರ್ತ್‌ನ ದಡದಲ್ಲಿ ವಿರುದ್ಧ ದಿಕ್ಕಿಗೆ ಮೂರೂವರೆ ಮಿಲಿಗ್ಯಾಲ್ ಮೆಟ್ಟಿಲು ಕಾಣುತ್ತದೆ. ಆಗ ಸಮುದ್ರದ ಭಾಗಕ್ಕೂ ಎಲಿಪ್ಸಾಯ್ಡ್‌ನಿಂದಲೇ ಲೆಕ್ಕ ಹಾಕಿ, ನೀರಿನ ಜಾಗದಲ್ಲಿ ಬಂಡೆಯನ್ನು ತುಂಬುವ ತಿದ್ದುಪಡಿಯನ್ನೂ ಮಾಡಿಕೊಳ್ಳಬೇಕಾಗುತ್ತದೆ.